ಸೂಜಿಯ ತುದಿ ಎಲ್ಲಿದೆ?

ಕತ್ತಿನ ಬದಿಗೆ ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್ ಇಟ್ಟರೆ ಸ್ಕ್ಯಾನಿಂಗ್ ಪರದೆಯಲ್ಲಿ ಎರಡು ಕಪ್ಪು ವೃತ್ತಗಳು ಕಾಣುತ್ತವೆ. ತುಸು ಒತ್ತಿದಾಗ ಚಪ್ಪಟೆಯಾಗುವುದು ಅಭಿಧಮನಿ, ಅಷ್ಟಕ್ಕೆಲ್ಲ ಜಗ್ಗದೆ ಮಿಡಿಯುತ್ತಲೇ ಇರುವುದು ಅಪಧಮನಿ. ಐಸಿಯುನಲ್ಲಿ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕುವ ವೈದ್ಯರಿಗೆ ಬೇಕಾದದ್ದು ಮೊದಲನೆಯದು, ಚುಚ್ಚಲೇಬಾರದ್ದು ಎರಡನೆಯದು. ಈ ಕೆಲಸಕ್ಕೆ ಅಲ್ಟ್ರಾಸೌಂಡ್ ಬಳಸಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2002ರಲ್ಲೇ ಶಿಫಾರಸು ಮಾಡಿತ್ತು. ನಾಳ ಗುರುತಿಸುವುದನ್ನು ಹೊಸಬರೂ ಬೇಗ ಕಲಿಯುತ್ತಾರೆ. ತಾಪತ್ರಯ ಶುರುವಾಗುವುದು ಸೂಜಿ ಒಳಗೆ ಹೋದ ಮೇಲೆ.

ಪರದೆ ತೋರಿಸುವುದು ಇಡೀ ಕತ್ತನ್ನಲ್ಲ, ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟು ತೆಳುವಾದ ಒಂದು ಪದರವನ್ನು. ಸೂಜಿ ಆ ಪದರದಿಂದ ಒಂದೆರಡು ಮಿಲಿಮೀಟರ್ ಸರಿದರೂ ಮಾಯ. ಪದರವನ್ನು ಅಡ್ಡ ಹಾಯ್ದರೆ ಬರೀ ಬಿಳಿ ಚುಕ್ಕೆ. ಆ ಚುಕ್ಕೆ ತುದಿಯೇ ಆಗಿರಬೇಕೆಂದಿಲ್ಲ, ಸೂಜಿಯ ನಡುಭಾಗವೂ ಹಾಗೇ ಕಾಣುತ್ತದೆ. ತುದಿ ಇನ್ನೂ ನಾಳದ ಮೇಲಿದೆ ಎಂದುಕೊಂಡು ಒತ್ತುವಾಗ ಅದು ಹಿಂಗೋಡೆಯನ್ನೇ ದಾಟಿರಬಹುದು. ಕಡಿದಾಗಿ ಇಳಿಸಿದರೆ ಇನ್ನೊಂದು ತೊಡಕು: ಸೂಜಿಗೆ ಬಡಿದ ಶಬ್ದ ಪ್ರೋಬಿಗೆ ಮರಳದೆ ಬೇರೆಲ್ಲೋ ಚಿಮ್ಮುತ್ತದೆ. ತುದಿ ಕಾಣದಿದ್ದರೂ ಮುಂದೆ ತಳ್ಳುವುದು, ತಿಳಿಯದೆ ಪ್ರೋಬ್ ಜರುಗಿಸುವುದು, ಇವು ಕಲಿಯುವವರ ಮಾಮೂಲಿ ತಪ್ಪುಗಳು. ಗಾಬರಿಯಲ್ಲಿ ಎರಡೂ ಕೈ ಒಟ್ಟಿಗೆ ಆಡಿಸಿದರಂತೂ ಮುಗಿದೇ ಹೋಯಿತು.

ಪ್ರೋಬಿಗೆ ಸಿಕ್ಕಿಸುವ ಸೂಜಿ ಹಿಡಿಕೆ ಹಳೆಯ ಉಪಾಯ. ಸೂಜಿ ಪದರ ಬಿಟ್ಟು ಹೋಗದು, ಆದರೆ ಕೋನ ಬದಲಿಸಲು ಹೆಚ್ಚು ಆಸ್ಪದವಿಲ್ಲ. ಹೊಸ ಯಂತ್ರಗಳಲ್ಲಿ ಕೆಲವು ಕಾಂತದ ಮೊರೆ ಹೋಗಿವೆ. ಉಕ್ಕಿನ ಸೂಜಿಯನ್ನೇ ಕಾಂತವಾಗಿಸುತ್ತಾರೆ. ಪ್ರೋಬಿನೊಳಗಿನ ಸೆನ್ಸರ್‌ಗಳು ಅದರ ಜಾಗ, ದಿಕ್ಕುಗಳನ್ನು ಲೆಕ್ಕ ಹಾಕುತ್ತವೆ. ಚರ್ಮಕ್ಕೆ ತಾಗುವ ಮೊದಲೇ ಸೂಜಿ ಸಾಗಲಿರುವ ದಾರಿ ಪರದೆಯಲ್ಲಿ ಗೆರೆಯಾಗಿ ಮೂಡುತ್ತದೆ. ಸೊಗಸೇ, ಆದರೆ ಪಕ್ಕದಲ್ಲಿ ಕಬ್ಬಿಣದ ಸಾಮಾನಿದ್ದರೆ ಲೆಕ್ಕ ತಪ್ಪಬಹುದು; ಒಳಗೆ ಸೂಜಿ ಬಾಗಿದರೂ ಗೆರೆ ನೆಟ್ಟಗೇ ಇರುತ್ತದೆ. ತುದಿಯಲ್ಲೇ ಪುಟ್ಟ ಸೆನ್ಸರ್ ಕೂರಿಸಿದ ಸೂಜಿಗಳೂ ಇವೆ. ಪ್ರೋಬ್ ಹೊರಡಿಸುವ ಶಬ್ದವನ್ನು ಅದು ಗ್ರಹಿಸಿದಾಗ ತುದಿಯ ಸ್ಥಾನ ಪರದೆಗೆ ಬರುತ್ತದೆ.

ಗೆರೆ ನೋಡಿಕೊಂಡು ಕಲಿತ ಕೈ ಗೆರೆಯಿಲ್ಲದಾಗ ಏನು ಮಾಡೀತು? ಸದಾ ಮಾರ್ಗದರ್ಶನ ಸಿಕ್ಕರೆ ಕಲಿಯುವಾಗ ಕೆಲಸ ಚೆನ್ನಾಗಿ ಆಗುತ್ತದೆ, ಅದನ್ನು ತೆಗೆದಾಗ ಕೈ ತಡವರಿಸುತ್ತದೆ ಎಂಬ ವಾದವನ್ನು ಕೈಚಲನೆಯ ಕಲಿಕೆ ಕುರಿತ ಸಂಶೋಧಕರಾದ ಸಾಲ್ಮೋನಿ, ಷ್ಮಿಟ್, ವಾಲ್ಟರ್ 1984ರಲ್ಲೇ ಮುಂದಿಟ್ಟಿದ್ದರು. ನನಗೆ ಸರಿಯೆನಿಸುವ ಕ್ರಮ ಇದು: ಗೆರೆ ಆಫ್ ಮಾಡಿ ಚುಚ್ಚಬೇಕು, ಅರ್ಧದಲ್ಲಿ ನಿಲ್ಲಿಸಿ ತುದಿ ಎಲ್ಲಿದೆಯೆಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಗೆರೆ ಹಾಕಿ ತಾಳೆ ನೋಡಬೇಕು.

ಇದೆಲ್ಲ ರೋಗಿಯ ಮೇಲಲ್ಲ, ಜೆಲಾಟಿನ್ ಗಡ್ಡೆಯ ಮೇಲೆ. ಬರೀ ಜೆಲಾಟಿನ್ ಪರದೆಯಲ್ಲಿ ಕಪ್ಪಗೆ ಕಾಣುವುದರಿಂದ ಮಾಂಸದ ಹಾಗೆ ಕಾಣಲೆಂದು ಇಸಬ್‌ಗೋಲ್ ಬೆರೆಸುವುದುಂಟು. ಮಲಬದ್ಧತೆಗೆ ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಅದೇ ಹೊಟ್ಟು. ಹತ್ತಾರು ಸಲ ಚುಚ್ಚಿದ ಗಡ್ಡೆಯಲ್ಲಿ ಹಳೆಯ ತೂತುಗಳೇ ಬಿಳಿ ಗೆರೆಗಳಾಗಿ ಕಂಡು ಸೂಜಿಯೆಂಬ ಭ್ರಮೆ ಹುಟ್ಟಿಸುತ್ತವೆ. ಆಗ ಅದನ್ನು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿಕೊಂಡರಾಯಿತು.