ಚಕ್ರದ ಮುಚ್ಚಳದ ಹಿಂದೆ

ಕಾರು ಮನೆಗೆ ಬಂದೊಡನೆ ಮಕ್ಕಳು ವೀಲ್ ಕವರ್ ಬೇಕೆಂದು ಹಟ ಹಿಡಿಯುತ್ತಾರೆ. ಕಬ್ಬಿಣದ ಕರಿ ರಿಮ್ಮಿನ ಮೇಲೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಕೂತರೆ ಚೆಂದವೇನೋ ಹೌದು. ಆದರೆ ಬಿಜ್ಜರಗಿಯಂಥ ಎರೆಭೂಮಿಯ ಊರಲ್ಲಿ ಮಳೆ ಬಿದ್ದಾಗ ಅದರ ನಿಜಗುಣ ತಿಳಿಯುತ್ತದೆ. ದ್ರಾಕ್ಷಿ ತೋಟದ ದಾರಿಯ ಜಿಗುಟು ಮಣ್ಣು ಮುಚ್ಚಳದ ಸಂದಿಯಿಂದ ಒಳಹೊಕ್ಕು ರಿಮ್ಮಿಗೆ ಅಂಟುತ್ತದೆ, ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಚಕ್ರದ ತೂಕ ಒಂದು ಕಡೆಗೆ ವಾಲಿ, ವಿಜಯಪುರದ ರಸ್ತೆಯಲ್ಲಿ ವೇಗ ಹಿಡಿದಾಗ ಸ್ಟಿಯರಿಂಗ್ ನಡುಗತೊಡಗುತ್ತದೆ. ನಾವೋ ಅಲೈನ್‌ಮೆಂಟ್‌ಗೆ ದುಡ್ಡು ಸುರಿಯುತ್ತೇವೆ. ಕವರ್ ಕಳಚಿ ಒಂದು ಬಕೆಟ್ ನೀರು ಹೊಯ್ದಿದ್ದರೆ ಸಾಕಿತ್ತು!

ಇದಕ್ಕಿಂತ ದೊಡ್ಡ ಚಿಂತೆ ನಟ್ಟುಗಳದ್ದು. ಚಕ್ರ ಬದಲಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್ಟುಗಳ ಬಿಗಿ ಮತ್ತೊಮ್ಮೆ ನೋಡಬೇಕು. ಮುಚ್ಚಿಟ್ಟದ್ದು ಯಾರಿಗೆ ನೆನಪಾಗುತ್ತದೆ? ನಟ್ಟು ಸಡಿಲವಾದರೂ, ರಿಮ್ ಸೀಳಿದರೂ ಹೊರಗೆ ಕಾಣುವುದಿಲ್ಲ. ಒಳಗೆ ಕೂತಿರುವುದು ಹೆಂಡತಿ ಮಕ್ಕಳು.

ಅಳತೆ ತಪ್ಪಿದ ಅಗ್ಗದ ಕವರ್ ವಾಲ್ವಿಗೆ ಉಜ್ಜಿ ಗಾಳಿ ಸೋರಬಹುದು. ಕ್ಲಿಪ್ ಮುರಿದದ್ದು ಗುಂಡಿಯಲ್ಲಿ ಹಾರಿ ಹಿಂದೆ ಬರುವ ಬೈಕಿಗೆ ಬಡಿಯಬಹುದು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿಸುವ ಜಾಣರಿದ್ದಾರೆ. ರಾತ್ರಿ ಪಂಕ್ಚರ್ ಆದಾಗ ಅವರು ಪಾನಾಕ್ಕಿಂತ ಮೊದಲು ಚಾಕು ಹುಡುಕಬೇಕು.

ಕವರ್ ಬೇಕೇಬೇಕೆನ್ನುವವರು ತಿಂಗಳಿಗೊಮ್ಮೆಯಾದರೂ ಕಳಚಿ, ತೊಳೆದು, ನಟ್ಟು ನೋಡಿ ಹಾಕಲಿ. ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟರೆ ಇನ್ನೂ ಒಳ್ಳೆಯದು.