ಶರಾವತಿ ಹಿನ್ನೀರಿನಲ್ಲಿ ಆಕಾಶಕ್ಕೆ ಕಿವಿಗೊಟ್ಟ ಚಿಪ್

ಧಾರವಾಡದ ಬಳಿಯ ಅಮ್ಮಿನಬಾವಿಯ ಮನೆಯಲ್ಲಿ ಎಫ್‌ಎಂ ರೇಡಿಯೊ ಹಚ್ಚಿದರೆ ಸ್ಟೇಷನ್ನುಗಳು ಸಿಗುವುದು 88ರಿಂದ 108 ಮೆಗಾಹರ್ಟ್ಸ್ ನಡುವೆ. ಅದಕ್ಕಿಂತ ತುಸು ಕೆಳಗೆ, 78 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ಸಿಕ್ಕಿದೆ ಎಂದು 2018ರಲ್ಲಿ ಅಮೆರಿಕದ ಎಡ್ಜಸ್ ತಂಡ ಸಾರಿತು. ಅದನ್ನು ಪರೀಕ್ಷೆಗೆ ಒಡ್ಡಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ‘ಸರಸ್ 3’ ಎಂಬ ತನ್ನ ರೇಡಿಯೊ ದೂರದರ್ಶಕವನ್ನು 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಆಮೇಲೆ ಶರಾವತಿ ಹಿನ್ನೀರಿನಲ್ಲೂ ಅದು ತೆಪ್ಪದ ಮೇಲೆ ತೇಲಿಬಿಟ್ಟಿತು. ನೆಲದೊಳಗೆ ಕಲ್ಲು, ಮಣ್ಣು, ತೇವ ಎಲ್ಲೆಡೆ ಒಂದೇ ತೆರನಾಗಿರುವುದಿಲ್ಲ. ಆ ಏರುಪೇರು ಆಂಟೆನಾದ ಅಳತೆಯಲ್ಲಿ ಬೆರೆತುಬಿಡುತ್ತದೆ. ನೀರಿನಲ್ಲಿ ಆ ಕಾಟವಿಲ್ಲ.

ಬಂದ ಸಂಕೇತವನ್ನು ಬಿಡಿಸಿ ಲೆಕ್ಕ ಹಾಕಿದ್ದು ಜೈಲಿಂಕ್ಸ್ ಕಂಪನಿಯ ವರ್ಟೆಕ್ಸ್-6 ಎಂಬ ಎಫ್‌ಪಿಜಿಎ ಚಿಪ್.

ಸಾಮಾನ್ಯ ಚಿಪ್‌ನ ಸರ್ಕ್ಯೂಟು ಕಾರ್ಖಾನೆಯಲ್ಲೇ ಕಾಯಂ ಆಗಿಬಿಡುತ್ತದೆ. ಎಫ್‌ಪಿಜಿಎ ಹಾಗಲ್ಲ. ಅದರ ತುಂಬ ಇರುವುದು ಪುಟ್ಟ ಪುಟ್ಟ ಕೋಷ್ಟಕಗಳು, ಅವುಗಳ ನಡುವೆ ಬೇಕಾದಂತೆ ಜೋಡಿಸಬಹುದಾದ ತಂತಿಗಳು. ಮಗ್ಗಿ ಬಾಯಿಪಾಠವಿದ್ದ ಹುಡುಗ ಏಳೆಂಟಲೆ ಐವತ್ತಾರು ಎಂದು ಗುಣಿಸದೆಯೇ ಹೇಳುವಂತೆ, ಈ ಕೋಷ್ಟಕವೂ ಮೊದಲೇ ಬರೆದಿಟ್ಟ ಉತ್ತರವನ್ನು ಎತ್ತಿ ಕೊಡುತ್ತದೆ. ವರ್ಟೆಕ್ಸ್-6ರ ಒಂದು ಕೋಷ್ಟಕಕ್ಕೆ ಆರು ಒಳದಾರಿಗಳು, ಅಂದರೆ 64 ಉತ್ತರಗಳು. ಉತ್ತರ ಬದಲಿಸಿದರೆ ಸರ್ಕ್ಯೂಟೇ ಬದಲಾಯಿತು. ಕರೆಂಟು ಹೋದರೆ ಇದೆಲ್ಲ ಅಳಿಸಿಹೋಗುತ್ತದೆ; ಮತ್ತೆ ಬಂದಾಗ ಪಕ್ಕದ ಮೆಮೊರಿಯಿಂದ ವಿನ್ಯಾಸವನ್ನು ಓದಿಕೊಂಡು ಚಿಪ್ ಕೆಲಸಕ್ಕೆ ಅಣಿಯಾಗುತ್ತದೆ.

ಈ ಬಗೆಯ ಚಿಪ್ಪನ್ನು ಮೊದಲು ಮಾರುಕಟ್ಟೆಗೆ ತಂದದ್ದೂ ಜೈಲಿಂಕ್ಸೇ. ರಾಸ್ ಫ್ರೀಮನ್, ಬರ್ನಾರ್ಡ್ ವಾಂಡರ್‌ಶ್ಮಿಟ್, ಜೇಮ್ಸ್ ಬಾರ್ನೆಟ್ ಸೇರಿ 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿ ಅದು. ಟ್ರಾನ್ಸಿಸ್ಟರ್ ಇನ್ನೂ ದುಬಾರಿಯಾಗಿದ್ದ ಕಾಲದಲ್ಲಿ, ಬದಲಿಸುವ ಅನುಕೂಲಕ್ಕಾಗಿ ಅವನ್ನು ಧಾರಾಳವಾಗಿ ಸುರಿಯುವುದು ಹಲವರಿಗೆ ದುಂದುಗಾರಿಕೆಯಾಗಿ ಕಂಡಿತ್ತು. ಮುಂದೆ ಅವು ಅಗ್ಗವಾಗುತ್ತವೆ ಎಂದು ಫ್ರೀಮನ್ ನಂಬಿದರು. 1985ರ ಮೊದಲ ಚಿಪ್‌ನಲ್ಲಿ ಇದ್ದದ್ದು 64 ಘಟಕಗಳು ಮಾತ್ರ. ಕಂಪನಿಗೆ ಸ್ವಂತ ಕಾರ್ಖಾನೆ ಇರಲಿಲ್ಲ; ಚಿಪ್ ತಯಾರಾದದ್ದು ಜಪಾನಿನ ಸೀಕೊದಲ್ಲಿ. 1989ರಲ್ಲಿ ತೀರಿಕೊಂಡ ಫ್ರೀಮನ್‌ರಿಗೆ ತಮ್ಮ ನಂಬಿಕೆ ಎಷ್ಟು ದೂರ ಹೋಯಿತೆಂದು ನೋಡಲು ಆಗಲಿಲ್ಲ.

ಸರಸ್‌ನಂಥ ಒಂದೇ ಒಂದು ಉಪಕರಣಕ್ಕಾಗಿ ಹೊಸ ಚಿಪ್ ಮಾಡಿಸಲು ಹೊರಟರೆ ಕೋಟಿಗಟ್ಟಲೆ ಖರ್ಚು. ಸಾಮಾನ್ಯ ಪ್ರೊಸೆಸರಿಗೆ ಒಪ್ಪಿಸಿದರೆ ಅದು ಆದೇಶಗಳನ್ನು ಸರದಿಯಲ್ಲಿ ಮುಗಿಸುತ್ತ ಹಿಂದೆ ಬೀಳುತ್ತದೆ. ಸೆಕೆಂಡಿಗೆ 50 ಕೋಟಿ ಸಲ ಅಳೆದ ಸಂಕೇತವನ್ನು ಸುಮಾರು 61 ಕಿಲೋಹರ್ಟ್ಸ್ ಅಗಲದ ಸಾವಿರಾರು ಎಳೆಗಳಾಗಿ ಸೀಳಬೇಕಿತ್ತು. ಎಫ್‌ಪಿಜಿಎ ಒಳಗೆ ಗುಣಾಕಾರ, ಸಂಕಲನಗಳೆಲ್ಲ ಏಕಕಾಲಕ್ಕೆ ನಡೆಯುತ್ತವೆ. ಅಳತೆ ಬರುತ್ತಿದ್ದಂತೆಯೇ ಲೆಕ್ಕವೂ ಮುಗಿಯುತ್ತದೆ.

ಒಂದು ತೊಡಕೂ ಇತ್ತು. ಇಷ್ಟು ವೇಗದ ಚಿಪ್ ತಾನೇ ರೇಡಿಯೊ ಗದ್ದಲ ಹೊರಸೂಸುತ್ತದೆ. ಹುಡುಕುತ್ತಿದ್ದ ಸಂಕೇತವಾದರೂ ಎಡ್ಜಸ್ ಹೇಳಿದ ಪ್ರಕಾರ, ತಾಪಮಾನದ ಲೆಕ್ಕದಲ್ಲಿ, ಸುಮಾರು ಅರ್ಧ ಕೆಲ್ವಿನ್ನಿನಷ್ಟು. ನಮ್ಮ ನಕ್ಷತ್ರಪುಂಜದ ಹಿನ್ನೆಲೆ ಸದ್ದು ಅದರ ಸಾವಿರಾರು ಪಟ್ಟು. ಹೀಗಾಗಿ ಚಿಪ್‌ನ ಗದ್ದಲ ಆಂಟೆನಾ ತಲುಪದಂತೆ ಭದ್ರವಾಗಿ ಮುಚ್ಚಬೇಕಾಯಿತು. ಈ ಪ್ರಯೋಗದ ನಿಜವಾದ ಕೈಚಳಕ ಇರುವುದು ಇಲ್ಲೇ.

ಫಲಿತಾಂಶ 2022ರ ಫೆಬ್ರುವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಬಂತು: ಎಡ್ಜಸ್ ಕಂಡ ಆಕಾರದ ಸಂಕೇತ ಇಲ್ಲ, ಶೇ 95.3ರಷ್ಟು ಖಚಿತತೆಯೊಂದಿಗೆ. ಅದೇ ತಿಂಗಳು ಜೈಲಿಂಕ್ಸ್ ಕಂಪನಿ ಎಎಂಡಿಯ ಪಾಲಾಯಿತು.

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಎಲ್‌ಇಡಿ ಮಿಣುಕಿಸಲು ಬರೆಯುವ ವೆರಿಲಾಗ್, ವಿಎಚ್‌ಡಿಎಲ್‌ಗಳೇ ಇಂಥ ಚಿಪ್‌ಗಳಿಗೂ ವಿನ್ಯಾಸ ಬರೆಯುವ ಭಾಷೆಗಳು. ಪರೀಕ್ಷೆ ಮುಗಿಯಿತೆಂದು ಲ್ಯಾಬಿನ ಎಫ್‌ಪಿಜಿಎ ಬೋರ್ಡನ್ನು ಕಪಾಟಿಗೆ ಸೇರಿಸಬೇಡಿ. ಒಂದು ಪುಟ್ಟ ರೇಡಿಯೊ ರಿಸೀವರನ್ನಾದರೂ ಅದರಲ್ಲಿ ಕಟ್ಟಿ ನೋಡಿ.