ಪ್ರಯೋಗಪ್ರಾಣಿಗಳ ವಸತಿ ಮತ್ತು ಪಂಜರ

ಆಂಟಾಪ್ ಹಿಲ್, ವಡಾಲ, ಮಾಟುಂಗಾ, ಸಾಯನ್ ಈ ಪ್ರದೇಶಗಳಲ್ಲಿ ಕನ್ನಡಿಗರು ನೆಲೆಯೂರಿ ಹಲವು ತಲೆಮಾರುಗಳಾದುವು. ಈ ಬಡಾವಣೆಗಳ ಹುಟ್ಟಿಗೆ ಮೂಲಕಾರಣವಾದುದು ಒಂದು ಮಹಾಮಾರಿ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಧಾನ್ಯದ ಮಳಿಗೆಗಳ ನಡುವೆ ಪ್ಲೇಗು ಕಾಣಿಸಿಕೊಂಡಿತು. ಸಾವಿಗೆ ಹೆದರಿದ ಜನ ಲಕ್ಷಗಟ್ಟಲೆಯಾಗಿ ನಗರವನ್ನು ತೊರೆದರು. ಇದರ ಫಲವಾಗಿ 1898ರಲ್ಲಿ ಮುಂಬಯಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಗಾಳಿಬೆಳಕುಗಳಿರುವ ವಸತಿಗಳನ್ನು ನಿರ್ಮಿಸಬೇಕೆಂಬ ಉದ್ದೇಶದಿಂದ ಆ ಸಂಸ್ಥೆಯು ದಾದರ್, ಮಾಟುಂಗಾ, ವಡಾಲ, ಸಾಯನ್‌ಗಳ ಬಯಲಿನಲ್ಲಿ ಹೊಸ ಬೀದಿಗಳನ್ನು ಎಳೆಯಿತು. ಆದರೆ ರೋಗವು ಹರಡುವ ಬಗೆ ಯಾವುದೆಂಬುದು ಆಗ ನಿಶ್ಚಿತವಾಗಿರಲಿಲ್ಲ. ಆ ನಿಶ್ಚಯವು ದೊರೆತದ್ದು ಕೆಲವು ಗಿನಿಹಂದಿಗಳ ಪಂಜರಗಳಿಂದ. ಪ್ರಯೋಗಪ್ರಾಣಿಗಳ ವಸತಿಯೆಂಬ ವಿಷಯವನ್ನು ವಿಚಾರಿಸುವವರು ಈ ಇತಿಹಾಸದಿಂದ ಆರಂಭಿಸುವುದು ಉಚಿತವಾಗಿದೆ.

ಪಂಜರವೆಂದರೆ ಪ್ರಾಣಿಯನ್ನು ತಪ್ಪಿಸಿಕೊಳ್ಳದಂತೆ ಕೂಡಿಹಾಕುವ ಸಾಧನವೆಂಬುದು ಸಾಮಾನ್ಯವಾದ ಭಾವನೆ. ವಿಜ್ಞಾನದ ದೃಷ್ಟಿಯಲ್ಲಿ ಅದರ ಕಾರ್ಯ ಇದಕ್ಕಿಂತ ವಿಸ್ತಾರವಾದುದು. ಪ್ರಾಣಿಗೂ ಹೊರಗಿನ ಜಗತ್ತಿಗೂ ನಡುವೆ ಯಾವುದು ಸಂಚರಿಸಬೇಕು, ಯಾವುದು ಸಂಚರಿಸಬಾರದು ಎಂಬುದನ್ನು ಪಂಜರವೇ ನಿರ್ಧರಿಸುತ್ತದೆ. ಆದುದರಿಂದ ಅದು ಪ್ರಯೋಗದ ಹೊರಗಿರುವ ವಸ್ತುವಲ್ಲ, ಪ್ರಯೋಗದ ಒಂದು ಅಂಗವೇ ಆಗಿದೆ.

1898ರಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಮಾಡಿದ ಪರೀಕ್ಷೆಯು ಇದಕ್ಕೆ ಮೊದಲ ನಿದರ್ಶನ. ಆತನು ತಳದಲ್ಲಿ ಮರಳು ಹಾಕಿದ ದೊಡ್ಡ ಗಾಜಿನ ಪಾತ್ರೆಯಲ್ಲಿ ಪ್ಲೇಗು ತಗುಲಿದ, ಚಿಗಟಗಳು ಹತ್ತಿದ್ದ ಇಲಿಯೊಂದನ್ನು ಇರಿಸಿದನು. ಆರೋಗ್ಯವಂತ ಇಲಿಯನ್ನು ಸಣ್ಣ ತಂತಿಯ ಪಂಜರದಲ್ಲಿಟ್ಟು, ಅದು ರೋಗಿಯನ್ನಾಗಲಿ ಮರಳನ್ನಾಗಲಿ ಮುಟ್ಟದಂತೆ ತೂಗುಹಾಕಿದನು. ಮುಟ್ಟದೆಯೇ ಈ ಎರಡನೆಯ ಇಲಿಗೂ ರೋಗ ತಗುಲಿ ಅದು ಸತ್ತಿತು. ತಂತಿಯ ಕಣ್ಣುಗಳಲ್ಲಿ ನುಸುಳಬಲ್ಲ ಚಿಗಟವೇ ರೋಗವಾಹಕವೆಂದು ಆತನು ಸಾರಿದನು. ಆದರೆ ಬಹುಮಂದಿ ವಿದ್ವಾಂಸರು ಅನೇಕ ವರ್ಷಗಳವರೆಗೆ ಇದನ್ನು ಒಪ್ಪಲಿಲ್ಲ.

ಈ ಸಂಶಯವನ್ನು ಪರಿಹರಿಸಿದ್ದು ಮುಂಬಯಿ. ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್‌ಕಿನ್ ಅವರ ಪ್ರಯೋಗಾಲಯವು 1899ರಲ್ಲಿ ಪರೇಲ್‌ನ ಹಳೆಯ ಗವರ್ನರರ ಭವನಕ್ಕೆ ಬಂದಿತ್ತು. 1925ರಿಂದ ಅದಕ್ಕೆ ಹಾಫ್‌ಕಿನ್ ಸಂಸ್ಥೆಯೆಂಬ ಹೆಸರಾಯಿತು. 1905ರಲ್ಲಿ ನೇಮಕವಾದ ಪ್ಲೇಗು ಸಂಶೋಧನಾ ಆಯೋಗವು ಮುಂಬಯಿಗೆ ಬಂದು, ಭಾರತೀಯರ ಮನೆಗಳನ್ನು ಹೋಲುವ ಆರು ಸಣ್ಣ ಕೋಣೆಗಳನ್ನು ಕಟ್ಟಿಸಿತು. ಎರಡಕ್ಕೆ ಇಲಿಗಳು ಸುಲಭವಾಗಿ ಗೂಡುಕಟ್ಟುವ ನಾಡಹೆಂಚಿನ ಮಾಡು. ಎರಡಕ್ಕೆ ಇಲಿಗಳಿಗೆ ಅಷ್ಟಾಗಿ ಎಡೆಗೊಡದ ಮಂಗಳೂರು ಹೆಂಚಿನ ಮಾಡು. ಉಳಿದೆರಡಕ್ಕೆ ಇಲಿಗಳಿಗೆ ಆಸರೆಯೇ ಇಲ್ಲದ ತಗಡಿನ ಮಾಡು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಆರಂಭಿಸಿದ ಉದ್ಯಮದಿಂದ ಹೆಸರು ಪಡೆದ ಹೆಂಚು ಹೀಗೆ ಜಗತ್ಪ್ರಸಿದ್ಧ ಪ್ರಯೋಗವೊಂದರ ಉಪಕರಣವಾಯಿತೆಂಬುದು ಕನ್ನಡಿಗರು ಗಮನಿಸತಕ್ಕ ಸಂಗತಿ.

ಮಾಡಿನ ಕೆಳಗೆ ತಂತಿಯ ಜಾಲರಿಯೊಂದನ್ನು ಅಡ್ಡಲಾಗಿ ಬಿಗಿಯಲಾಗಿತ್ತು. ಇಲಿಗಳಾಗಲಿ ಅವುಗಳ ಹಿಕ್ಕೆಯಾಗಲಿ ಕೆಳಗೆ ಬೀಳುವಂತಿರಲಿಲ್ಲ. ಚಿಗಟಗಳು ಮಾತ್ರ ಉದುರಬಹುದಾಗಿತ್ತು. ನೆಲದ ಮೇಲೆ ರೋಗ ತಗುಲಿಸಿದ ಗಿನಿಹಂದಿಗಳನ್ನೂ ಆರೋಗ್ಯವಂತ ಗಿನಿಹಂದಿಗಳನ್ನೂ ಒಟ್ಟಿಗೆ ಬಿಡಲಾಯಿತು. ಚಿಗಟಗಳಿದ್ದ ಕೋಣೆಗಳಲ್ಲಿ ಆರೋಗ್ಯವಂತ ಪ್ರಾಣಿಗಳಿಗೂ ರೋಗ ಹರಡಿತು. ಚಿಗಟಗಳಿಲ್ಲದ ಕೋಣೆಗಳಲ್ಲಾದರೋ ಅವು ರೋಗಿಗಳೊಡನೆ ಉಂಡು ಮಲಗಿ ಬೆರೆತರೂ ರೋಗಕ್ಕೆ ಈಡಾಗಲಿಲ್ಲ. ಮತ್ತೊಂದು ಪರೀಕ್ಷೆಯಲ್ಲಿ ಪಂಜರಗಳನ್ನು ನೆಲದಿಂದ ಬೇರೆ ಬೇರೆ ಎತ್ತರಗಳಲ್ಲಿ ತೂಗುಹಾಕಲಾಯಿತು. 2 ಅಂಗುಲ ಎತ್ತರದಲ್ಲಿದ್ದ ಪ್ರಾಣಿಗೆ ಪ್ಲೇಗು ತಗುಲಿತು. ಚಿಗಟದ ನೆಗೆತಕ್ಕೆ ನಿಲುಕದ 2 ಅಡಿ ಎತ್ತರದಲ್ಲಿದ್ದುದು ಉಳಿಯಿತು. ಗಾಳಿಯಿಂದಲೇ ರೋಗ ಬರುವುದಾಗಿದ್ದರೆ 2 ಅಡಿಯ ಅಂತರವು ಯಾವ ರಕ್ಷಣೆಯನ್ನೂ ಕೊಡುತ್ತಿರಲಿಲ್ಲ. ಪಂಜರದ ಸುತ್ತ ಅಂಟುಕಾಗದವನ್ನು ಹಾಸಿ ಚಿಗಟಗಳನ್ನು ತಡೆದು ನೋಡಿದಾಗಲೂ ಇದೇ ನಿರ್ಣಯವು ದೃಢವಾಯಿತು. ಜನರ ಬಟ್ಟೆಬರೆಗಳನ್ನು ಸುಡುವುದಕ್ಕಿಂತ ಮನೆಯಿಂದ ಇಲಿಯನ್ನು ದೂರವಿಡುವುದೇ ಮುಖ್ಯವೆಂಬ ವಿವೇಕಕ್ಕೆ ಆಧಾರ ದೊರೆತದ್ದು ಹೀಗೆ.

ಅಂದಿನ ಪಂಜರವು ಒಂದು ಪ್ರಶ್ನೆಗೆ ಉತ್ತರ ಹೇಳಿತು. ಇಂದಿನ ಪಂಜರವು ಹತ್ತಾರು ಪ್ರಶ್ನೆಗಳನ್ನು ಎದುರಿಸಬೇಕಾಗಿದೆ. ಇಲಿ, ಸುಂಡಿಲಿಗಳಿಗೆ ಈಗ ಬಳಕೆಯಲ್ಲಿರುವುದು ಪಾಲಿಪ್ರೊಪಿಲೀನ್ ಅಥವಾ ಪಾಲಿಕಾರ್ಬನೇಟಿನ ತೊಟ್ಟಿ, ಅದರ ಮೇಲೆ ತುಕ್ಕುಹಿಡಿಯದ ಉಕ್ಕಿನ ಜಾಲರಿಯ ಮುಚ್ಚಳ. ಮೊದಲನೆಯ ಪ್ಲಾಸ್ಟಿಕ್ಕು ಅಪಾರದರ್ಶಕವಾದುದರಿಂದ ಪ್ರಾಣಿಗೆ ಮರೆ ಕೊಡುತ್ತದೆ. ಎರಡನೆಯದು ಪಾರದರ್ಶಕವಾದುದರಿಂದ ಪ್ರಾಣಿಯನ್ನು ಕದಲಿಸದೆ ನೋಡಬಹುದು. ಎರಡೂ 121 ಡಿಗ್ರಿ ಸೆಲ್ಸಿಯಸ್ಸಿನ ಹಬೆಯಲ್ಲಿ ಕ್ರಿಮಿಶುದ್ಧಿಯನ್ನು ತಾಳಬಲ್ಲವು. ಮುಚ್ಚಳದ ತಗ್ಗಿನಲ್ಲಿ ಆಹಾರದ ಗುಳಿಗೆಗಳನ್ನೂ ನೀರಿನ ಬಾಟಲಿಯನ್ನೂ ಇರಿಸುವುದರಿಂದ ಅವು ಮಲಮೂತ್ರಗಳಿಂದ ಕೆಡುವುದಿಲ್ಲ. ತಳಕ್ಕೆ ಭತ್ತದ ಹೊಟ್ಟು, ಮರದ ಹೊಟ್ಟು ಅಥವಾ ಮೆಕ್ಕೆಜೋಳದ ದಿಂಡಿನ ಪುಡಿಯನ್ನು ಹಾಸುತ್ತಾರೆ. ತಂತಿಯ ತಳವು ಶುಚಿಗೆ ಅನುಕೂಲವಾದರೂ ಪಾದಗಳಲ್ಲಿ ಹುಣ್ಣು ತರುತ್ತದೆ. ಆದುದರಿಂದ ಹಾಸಿಗೆಯುಳ್ಳ ಗಟ್ಟಿತಳವೇ ಉತ್ತಮವೆಂದು ಪರಿಗಣಿತವಾಗಿದೆ.

ಮುಂಬಯಿಯ ಹವೆಯಲ್ಲಿ ಹಾಸಿಗೆಯ ಪ್ರಶ್ನೆ ಇನ್ನೂ ಜಟಿಲವಾದುದು. ಮೂತ್ರದಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯಗಳು ಒಡೆದಾಗ ಅಮೋನಿಯ ಹೊರಡುತ್ತದೆ. ಮಳೆಗಾಲದ ತೇವದಲ್ಲಿ ಹೊಟ್ಟು ಒಣಗದೆ ಈ ಕ್ರಿಯೆಯು ಚುರುಕಾಗುತ್ತದೆ. ಅಮೋನಿಯವು ಪ್ರಾಣಿಗಳ ಮೂಗು, ಶ್ವಾಸನಾಳಗಳನ್ನು ಕೆರಳಿಸಿ ಅವನ್ನು ಸೋಂಕಿಗೆ ತೆರೆಯುತ್ತದೆ. ಸಂಶೋಧಕನು ಔಷಧದ ಪರಿಣಾಮವೆಂದು ಬರೆದುಕೊಂಡದ್ದು ನಿಜವಾಗಿ ಕೊಳೆತ ಹೊಟ್ಟಿನ ಪರಿಣಾಮವಾಗಿರಬಹುದು. ಭಾರತದ ಮಾರ್ಗದರ್ಶಿಯು ಕೋಣೆಯ ಉಷ್ಣತೆಯನ್ನು 18ರಿಂದ 29 ಡಿಗ್ರಿಗಳ ನಡುವೆಯೂ ಆರ್ದ್ರತೆಯನ್ನು ಶೇಕಡ 30ರಿಂದ 70ರ ನಡುವೆಯೂ ಇರಿಸಬೇಕೆಂದು, ಗಂಟೆಗೆ 12ರಿಂದ 15 ಬಾರಿ ಗಾಳಿ ಬದಲಾಗಬೇಕೆಂದು ವಿಧಿಸಿರುವುದು ಈ ಕಾರಣಗಳಿಂದಲೇ. 25 ಗ್ರಾಮಿಗಿಂತ ಹೆಚ್ಚು ತೂಗುವ ಪ್ರತಿಯೊಂದು ಸುಂಡಿಲಿಗೆ ಸುಮಾರು 97 ಚದರ ಸೆಂಟಿಮೀಟರ್, 350 ಗ್ರಾಮಿಗೆ ಮಿಕ್ಕಿದ ಗಿನಿಹಂದಿಗೆ ಸುಮಾರು 651 ಚದರ ಸೆಂಟಿಮೀಟರ್ ನೆಲವಿರಬೇಕೆಂಬ ನಿಯಮವೂ ಉಂಟು. ಪ್ರತಿ ಪಂಜರಕ್ಕೂ ಸೋಸಿದ ಗಾಳಿಯನ್ನು ಕೊಳವೆಯಿಂದ ಬೇರೆಬೇರೆಯಾಗಿ ಹಾಯಿಸುವ ಚೌಕಟ್ಟುಗಳು ಈಗ ದೊರೆಯುತ್ತವೆ. ಒಂದು ಪಂಜರದ ಸೋಂಕು ಪಕ್ಕದ ಪಂಜರಕ್ಕೆ ಹೋಗದಂತೆ ಅವು ತಡೆಯುತ್ತವೆ. ಆದರೆ ವಿದ್ಯುತ್ತು ನಿಂತರೆ ಅವುಗಳಲ್ಲಿನ ಪ್ರಾಣಿಗಳಿಗೆ ಉಸಿರು ಕಟ್ಟುವ ಅಪಾಯವಿರುವುದರಿಂದ ಬದಲಿ ವ್ಯವಸ್ಥೆ ಅವಶ್ಯ.

ಇಂಥ ಸೂಕ್ಷ್ಮಗಳು ಕೇವಲ ಅಚ್ಚುಕಟ್ಟಿನ ಮಾತಲ್ಲ. 1952ರಲ್ಲಿ ಪರೇಲ್‌ನಲ್ಲಿ ಆರಂಭವಾದ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರದಲ್ಲಿ ಕಮಲ್ ರಣದಿವೆ ಮೊದಲಾದವರು ಸುಂಡಿಲಿಗಳ ಶುದ್ಧತಳಿಗಳ ಮೂಲಕ ಸ್ತನದ ಕ್ಯಾನ್ಸರನ್ನು ಅಭ್ಯಸಿಸಿದರು. 20 ತಲೆಮಾರು ಒಡಹುಟ್ಟಿದವುಗಳನ್ನೇ ಕೂಡಿಸಿದ ಮೇಲೆ ತಳಿಯು ಏಕರೂಪವಾಗುತ್ತದೆ. ಇಷ್ಟು ಶ್ರಮದಿಂದ ಪಡೆದ ಏಕರೂಪತೆಯು ವಸತಿಯ ವ್ಯತ್ಯಾಸದಿಂದ ವ್ಯರ್ಥವಾಗಬಲ್ಲದು. ಅಮೆರಿಕದ ಬಫಲೋ ನಗರದ ರೋಸ್‌ವೆಲ್ ಪಾರ್ಕ್ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ ಅಭ್ಯಾಸವು ಇದನ್ನು ಸ್ಪಷ್ಟಪಡಿಸಿದೆ: ವಾಡಿಕೆಯ 22 ಡಿಗ್ರಿಯ ಚಳಿಯಲ್ಲಿದ್ದ ಸುಂಡಿಲಿಗಳಿಗಿಂತ ಅವಕ್ಕೆ ಹಿತವಾದ 30 ಡಿಗ್ರಿಯಲ್ಲಿದ್ದವುಗಳಲ್ಲಿ ಗೆಡ್ಡೆಗಳು ನಿಧಾನವಾಗಿ ಬೆಳೆದುವು. ಚಳಿಯನ್ನು ತಡೆಯಲು ಶಕ್ತಿಯನ್ನು ವ್ಯಯಿಸುವ ದೇಹದ ರೋಗನಿರೋಧವು ಕುಗ್ಗುತ್ತದೆ. ಮನುಷ್ಯನಿಗೆ ಹಿತವಾದ ಕೋಣೆ ಸುಂಡಿಲಿಗೆ ಹಿತವಾಗಿರಬೇಕಿಲ್ಲ. ಗೂಡುಕಟ್ಟಲು ಹಿಡಿಯಷ್ಟು ಕಾಗದದ ಎಳೆಗಳನ್ನು ಕೊಟ್ಟರೂ ಈ ಕ್ಲೇಶವು ಬಹುಮಟ್ಟಿಗೆ ಶಮನವಾಗುತ್ತದೆ.

ಭಾರತದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ 15ನೆಯ ಪ್ರಕರಣವು ಪ್ರಾಣಿಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ಕಲ್ಪಿಸಿತು. 1998ರ ನಿಯಮಗಳ ಮೂಲಕ ನೋಂದಣಿಯೂ ಪ್ರತಿಯೊಂದು ಸಂಸ್ಥೆಯ ನೀತಿಸಮಿತಿಯೂ ಅಗತ್ಯವಾದುವು. ಪ್ರಾಣಿಗೆ ಪರ್ಯಾಯವಿದ್ದರೆ ಅದನ್ನು ಬಳಸುವುದು, ಸಂಖ್ಯೆಯನ್ನು ತಗ್ಗಿಸುವುದು, ವೇದನೆಯನ್ನು ಕಡಿಮೆಮಾಡುವುದು ಎಂದು 1959ರಲ್ಲಿ ರಸೆಲ್ ಮತ್ತು ಬರ್ಚ್ ನಿರೂಪಿಸಿದ ಮೂರು ತತ್ತ್ವಗಳು ಈ ವ್ಯವಸ್ಥೆಗೆ ಆಧಾರ. ಕೆಟ್ಟ ವಸತಿಯು ಈ ಮೂರಕ್ಕೂ ವಿರೋಧಿ: ಫಲಿತಾಂಶವು ಚದರಿದಷ್ಟೂ ಹೆಚ್ಚು ಪ್ರಾಣಿಗಳು ಬೇಕಾಗುತ್ತವೆ.

ಪ್ರಯೋಗಶಾಲೆಯ ಕೀರ್ತಿಯು ಪ್ರಬಂಧ ಬರೆದವರಿಗೆ ಸಲ್ಲುವುದು ಲೋಕರೂಢಿ. ಆದರೆ ಪ್ರತಿದಿನವೂ, ಹಬ್ಬಹುಣ್ಣಿಮೆಗಳಲ್ಲಿಯೂ, ಹೊಟ್ಟು ಬದಲಿಸಿ ನೀರು ತುಂಬಿ ಪಂಜರ ತೊಳೆಯುವ ಪಾಲಕನ ಕೈಯಲ್ಲಿ ಆ ಪ್ರಬಂಧದ ಸತ್ಯವು ಅಡಗಿದೆ. ಮಾತನಾಡಲಾರದ ಜೀವಿಯೊಂದರಿಂದ ಮನುಷ್ಯನು ಜ್ಞಾನವನ್ನು ಪಡೆಯುತ್ತಾನಾದರೆ, ಅದಕ್ಕೆ ಒಣಗಿದ ಹಾಸಿಗೆ, ಶುದ್ಧವಾದ ಗಾಳಿ, ತಿರುಗಾಡಲು ಸಾಕಷ್ಟು ನೆಲ ಇವನ್ನು ಒದಗಿಸುವುದು ದಯೆಯೂ ಹೌದು, ಶಾಸ್ತ್ರನಿಷ್ಠೆಯೂ ಹೌದು.